ಅಪ್ಪಾಜಿಯ ಆಲ್ಬಂನಲ್ಲಿರುವ ಈ ನಾಲ್ಕು ವಿಮಾನ ಯಾವುವು? ಯಲಹಂಕದಲ್ಲಿ ತೆಗೆದ ಫೋಟೋಗಳು

ಹಾಸನದ ಮಗಳು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಹಾಸನದವಳು, ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ವಿಮಾನದ ಬಗ್ಗೆ ನನಗೆ ಗೊತ್ತಿರುವುದೆಲ್ಲ ಅಪ್ಪಾಜಿ ಹೇಳಿದ್ದು. ಅವರು ಏರ್‌ಫೋರ್ಸಿನಲ್ಲಿ ಎಂಜಿನ್ ಫಿಟ್ಟರ್ ಆಗಿದ್ದರು. 1966ರಲ್ಲಿ ಸೇರಿದರು. ಜಾಲಹಳ್ಳಿಯಲ್ಲಿ ಟ್ರೇನಿಂಗ್, ಆಮೇಲೆ ಜಾಸ್ತಿ ವರ್ಷ ಅಸ್ಸಾಮಿನ ಜೋರ್ಹಾಟ್. 15 ವರ್ಷ ಮುಗಿಸಿ ಊರಿಗೆ ಬಂದು, ಅರಕಲಗೂಡಿನ ಹತ್ತಿರ ನಮ್ಮ ಜಮೀನಿನಲ್ಲಿ ಆಲೂಗಡ್ಡೆ ಬೆಳೆದರು. ಈಗ ಅವರಿಗೆ 78. ಒಂದು ಕಣ್ಣು ಪೂರ್ತಿ ಮಂಜು. ಇನ್ನೊಂದರಲ್ಲಿ, ಭೂತಗನ್ನಡಿ ಹಿಡಿದರೆ ಓದುತ್ತಾರೆ.

2015, 2017 ಮತ್ತು 2019ರಲ್ಲಿ ಅವರನ್ನು ಏರೋ ಇಂಡಿಯಾಕ್ಕೆ ಕರೆದುಕೊಂಡು ಹೋಗಿದ್ದೆವು. ಮೊದಲೆರಡು ಸಲ ನಡುರಾತ್ರಿ ಬಸ್ಸು ಹತ್ತಿದ್ದು. 2019ರ ಹೊತ್ತಿಗೆ ಶ್ರವಣಬೆಳಗೊಳದ ದಾರಿಯ ರೈಲು ಬಂದಿತ್ತು. ಹಿಂದಿನ ದಿನವೇ ಹೋಗಿ ತಂಗಿ ಮನೆಯಲ್ಲಿ ಉಳಿದೆವು. ಎಡಿವಿಎ, ಅಂದರೆ ಹಾರಾಟ ನೋಡುವ ಜಾಗದ ಪಾಸ್ ತೆಗೆದುಕೊಂಡು ಬೇಲಿಯ ಹತ್ತಿರ ಜಮಖಾನ ಹಾಸಿ ಕೂರುತ್ತಿದ್ದೆವು. ನಮ್ಮೆಜಮಾನರು ಫೋಟೋ ತೆಗೆಯುತ್ತಿದ್ದರು. ಊರಿಗೆ ಬಂದು ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿ ಆಲ್ಬಂಗೆ ಅಂಟಿಸಿದೆವು. ಅಪ್ಪಾಜಿ ಹೇಳಿದ ಹೆಸರನ್ನು ನಾನು ಪ್ರತಿ ಫೋಟೋದ ಕೆಳಗೆ ಪೆನ್ಸಿಲ್‌ನಲ್ಲಿ ಬರೆದೆ.

ಈಗ ನನ್ನ ಮಗ ಹತ್ತನೇ ಕ್ಲಾಸು. ಅವನು ಫೋಟೋಗಳನ್ನು ಮೊಬೈಲಿಗೆ ತೋರಿಸಿ ಹುಡುಕಿದ. ಒಂದೇ ಫೋಟೋಗೆ ಮೂರು ಹೆಸರು ಬಂತು. ತಾತ ಹೇಳಿದ್ದು ತಪ್ಪು ಅಂತ ಅವನು, ಮೊಬೈಲಿಗೇನು ಗೊತ್ತು ಅಂತ ತಾತ. ಇಬ್ಬರಿಗೂ ಬೇಸರವಾಗಿದೆ. ನನಗೆ ಸರಿಯಾದ ಹೆಸರು ಬೇಕು. ಪೆನ್ಸಿಲ್ ಅಳಿಸಿ ಇಂಕಿನಲ್ಲಿ ಬರೆಯಬೇಕು ಅಂತಿದ್ದೇನೆ.

ಒಂದನೆಯದು, 2015. ರೆಕ್ಕೆಯ ಮೇಲೆ ರೆಕ್ಕೆ ಇರುವ ವಿಮಾನ. ಕಿತ್ತಳೆ ಬಣ್ಣ. ಮೇಲಿನ ರೆಕ್ಕೆಯ ಮೇಲೆ ಒಬ್ಬ ಹೆಣ್ಣುಮಗಳು ಕೈ ಚಾಚಿ ನಿಂತಿದ್ದಾಳೆ! ಅಪ್ಪಾಜಿ ಬರೆಸಿದ್ದು ಟೈಗರ್ ಮಾತ್.

ಎರಡನೆಯದು, 2017. ಇದೂ ಎರಡು ರೆಕ್ಕೆಯದೇ, ಇದರ ಮೇಲೂ ಒಬ್ಬರು ನಿಂತಿದ್ದಾರೆ. ಸೂರ್ಯನಿಗೆ ಎದುರಾಗಿ ತೆಗೆದದ್ದು. ಬಣ್ಣ ಕಾಣುವುದಿಲ್ಲ, ಆಕಾರ ಮಾತ್ರ ಕಪ್ಪಗೆ ಕಾಣುತ್ತದೆ. ಇದಕ್ಕೂ ಟೈಗರ್ ಮಾತ್ ಅಂತಲೇ ಬರೆಸಿದ್ದಾರೆ.

ಮೂರನೆಯದು, 2015. ಒಂದೇ ಪ್ರೊಪೆಲ್ಲರ್, ದುಂಡು ಮೂತಿ. ಉದ್ದ ಗಾಜಿನೊಳಗೆ ಇಬ್ಬರು ಒಬ್ಬರ ಹಿಂದೆ ಒಬ್ಬರು. ಹಾರುವಾಗಲೂ ಚಕ್ರಗಳು ಹೊಟ್ಟೆಯ ಕೆಳಗೆ ಕಾಣುತ್ತವೆ. ಅಪ್ಪಾಜಿ ಪ್ರಕಾರ ಹಾರ್ವರ್ಡ್.

ನಾಲ್ಕನೆಯದು, 2019. ಇದರ ಹೆಸರಿನ ಬಗ್ಗೆ ಜಗಳ ಇಲ್ಲ. ಇದು ಡಕೋಟಾ, ಎರಡು ಎಂಜಿನ್ನಿನ ಹಳೇ ಸಾಗಣೆ ವಿಮಾನ. ಅವತ್ತು ಅಪ್ಪಾಜಿ ತಲೆ ತಗ್ಗಿಸಿ ಚಿತ್ರಾನ್ನ ತಿನ್ನುತ್ತಿದ್ದರು. ವಿಮಾನ ನಮ್ಮ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ತಟ್ಟನೆ ಕೈ ಎತ್ತಿ, "ಸುಮ್ನಿರಿ, ಡಕೋಟಾ ಬಂತು" ಅಂದರು. ಆಮೇಲೆ ಅದು ಎಡಗಡೆಯಿಂದ ನಿಧಾನವಾಗಿ ಬಂತು. ನನ್ನ ಪ್ರಶ್ನೆ ಅದರ ನಂಬರಿನದು. ಮೈಮೇಲೆ ವಿಪಿ 905 ಅಂತ ಇದೆ. 1947ರಲ್ಲಿ ಶ್ರೀನಗರದಲ್ಲಿ ಇಳಿದದ್ದು ಇದೇ ವಿಮಾನವಾ? ಅಪ್ಪಾಜಿ ಹೌದು ಅನ್ನುತ್ತಾರೆ. ಹಾಗಿದ್ದರೆ ತಾವು ಕೆಲಸ ಮಾಡುವಾಗ ಎಂದಾದರೂ ಇದನ್ನು ಮುಟ್ಟಿರಬಹುದು ಅಂತ ಅವರ ಆಸೆ.

ಮಲೆನಾಡ ಲೆನ್ಸ್, ಚಿಕ್ಕಮಗಳೂರು:

ಅಕ್ಕ, ಫೋಟೋಗಳು ಚೆನ್ನಾಗಿವೆ. ಒಂದನೆಯದು ಟೈಗರ್ ಮಾತ್ ಅಂತಲೇ ನನಗೂ ಅನ್ನಿಸುತ್ತದೆ. ನಮ್ಮ ಏರ್‌ಫೋರ್ಸಿನ ಹತ್ತಿರ ಹಾರುವ ಸ್ಥಿತಿಯಲ್ಲಿ ಒಂದು ಇದೆ, ಹಳದಿ ಬಣ್ಣದ್ದು. ಬಿಸಿಲಿಗೆ ಹಳದಿಯೇ ಕಿತ್ತಳೆ ಥರ ಕಂಡಿರಬಹುದು. ಮೂರನೆಯದೂ ಹಾರ್ವರ್ಡ್ ಇರಬೇಕು, ಗಾಜು ಹಾಗೇ ಇದೆ. ಬಾಲದ ಮೇಲಿನ ನಂಬರ್ ದೊಡ್ಡದು ಮಾಡಿ ನೋಡಿ, ಅದನ್ನು ಹುಡುಕಿದರೆ ಎಲ್ಲ ಸಿಗುತ್ತದೆ.

ಕಡೂರು ಫಿಟ್ಟರ್:

ಮೇಡಂ, ನಾನೂ ಏರ್‌ಫೋರ್ಸಿನವನೇ. ನಿಮ್ಮ ತಂದೆಯವರಿಗಿಂತ ಬಹಳ ಜೂನಿಯರ್. ಏರ್‌ಫ್ರೇಮ್ ಫಿಟ್ಟರ್ ಆಗಿದ್ದೆ. ಮೊದಲು ಅವರಿಗೆ ನನ್ನ ನಮಸ್ಕಾರ ಹೇಳಿ.

ಚಿಕ್ಕಮಗಳೂರಿನ ತಮ್ಮ ಹೇಳಿದ್ದನ್ನು ನಾನು ಒಪ್ಪುವುದಿಲ್ಲ. ಏರ್ ಶೋಗೆ ಬರುವ ಹಳೇ ವಿಮಾನಗಳಲ್ಲಿ ಬಣ್ಣ ನಂಬಬೇಡಿ, ನಂಬರ್ರೂ ನಂಬಬೇಡಿ. ಅವೆರಡನ್ನೂ ಮಾಲೀಕರು ತಮಗೆ ಬೇಕಾದ ಹಾಗೆ ಬರೆಸುತ್ತಾರೆ. ಮೂತಿ ನೋಡಿ, ಚಕ್ರ ನೋಡಿ, ರೆಕ್ಕೆಯ ತುದಿ ನೋಡಿ. ಅವನ್ನು ಬದಲಾಯಿಸುವುದು ಅಷ್ಟು ಸುಲಭ ಅಲ್ಲ.

ನಿಮ್ಮ ಒಂದನೇ ಫೋಟೋದಲ್ಲಿ ಮೂತಿ ನೋಡಿ. ಪ್ರೊಪೆಲ್ಲರ್ ಹಿಂದೆ ಸುತ್ತಲೂ ಸಿಲಿಂಡರ್‌ಗಳು ಸೇವಂತಿಗೆ ದಳದ ಹಾಗೆ ಜೋಡಿಸಿವೆ, ಅಲ್ವಾ? ಅದು ರೇಡಿಯಲ್ ಎಂಜಿನ್. ಟೈಗರ್ ಮಾತ್‌ಗೆ ಅದು ಇರುವುದೇ ಇಲ್ಲ. ಅದರದು ಜಿಪ್ಸಿ ಮೇಜರ್. ನಾಲ್ಕೇ ಸಿಲಿಂಡರ್, ಒಂದರ ಹಿಂದೆ ಒಂದು, ಅದೂ ತಲೆಕೆಳಗಾಗಿ. ಹಾಗಾಗಿ ಅದರ ಮೂತಿ ಸಣ್ಣಗೆ, ಚಪ್ಪಟೆಯಾಗಿ ಇರುತ್ತದೆ. ಶಕ್ತಿ 130 ಹಾರ್ಸ್‌ಪವರ್ ಅಷ್ಟೇ. ಇನ್ನೊಂದು ಗುರುತು, ಟೈಗರ್ ಮಾತ್‌ನ ರೆಕ್ಕೆಗಳು ಸ್ವಲ್ಪ ಹಿಂದಕ್ಕೆ ವಾಲಿರುತ್ತವೆ. ನಿಮ್ಮ ಫೋಟೋದಲ್ಲಿ ನೇರವಾಗಿವೆ.

ನಿಮ್ಮದು ಬೋಯಿಂಗ್ ಸ್ಟಿಯರ್‌ಮನ್. ಅಮೆರಿಕದ ಸೈನ್ಯ ಮತ್ತು ನೌಕಾಪಡೆ ಎರಡನೇ ಮಹಾಯುದ್ಧದ ಕಾಲದಲ್ಲಿ ಪೈಲಟ್‌ಗಳಿಗೆ ಮೊದಲ ಪಾಠ ಹೇಳಿಕೊಟ್ಟದ್ದು ಇದರಲ್ಲೇ. ಸಾವಿರಗಟ್ಟಲೆ ಕಟ್ಟಿದ್ದರು. ಯುದ್ಧ ಮುಗಿದ ಮೇಲೆ ಅಗ್ಗಕ್ಕೆ ಮಾರಿದರು. ಎಷ್ಟೋ ವಿಮಾನ ಹೊಲಕ್ಕೆ ಔಷಧಿ ಹೊಡೆಯಲು ಹೋದವು. 2015ರಲ್ಲಿ ಬಂದದ್ದು ಬ್ರಿಟನ್ನಿನ ಬ್ರೈಟ್‌ಲಿಂಗ್ ವಿಂಗ್‌ವಾಕರ್ಸ್ ತಂಡ. ರೆಕ್ಕೆಯ ಮೇಲೆ ಮನುಷ್ಯ ನಿಂತರೆ ಗಾಳಿಯ ತಡೆ ಬಹಳ ಜಾಸ್ತಿ. ಅದಕ್ಕೇ ಅವರು ಹಳೇ 220 ಹಾರ್ಸ್‌ಪವರ್ ಎಂಜಿನ್ ತೆಗೆದು 450ರದ್ದು ಕೂರಿಸಿದ್ದಾರೆ.

ನಿಮ್ಮ ತಂದೆಯವರದು ತಪ್ಪು ಅಂತ ಮಗನಿಗೆ ಹೇಳಬೇಡಿ. ಅಷ್ಟು ದೂರದಿಂದ, ಒಂದೇ ಕಣ್ಣಿನಲ್ಲಿ ನೋಡಿದರೆ ಯಾರಿಗಾದರೂ ಎರಡು ರೆಕ್ಕೆ ಅಷ್ಟೇ ಕಾಣುತ್ತದೆ. ಈಗ ಆ ಮೂತಿಯ ಭಾಗ ಮಾತ್ರ ದೊಡ್ಡದು ಮಾಡಿ ಪ್ರಿಂಟ್ ಹಾಕಿಸಿ ಅವರ ಕೈಗೆ ಕೊಡಿ. ಮೂವತ್ತು ಸೆಕೆಂಡು ಸಾಕು ಅವರಿಗೆ.

ಒಂದು ಮಾತು ಅವರನ್ನು ಕೇಳಿ. ಡಕೋಟಾಕ್ಕೆ ಒಟ್ಟು ಸ್ಪಾರ್ಕ್ ಪ್ಲಗ್ ಎಷ್ಟು?

ಬೇಲಿಯ ಆಚೆ (ಊರು ಸಕಲೇಶಪುರ, ಕೆಲಸ ಬೆಂಗಳೂರು):

ಅಕ್ಕ, ನಾನು 2011ರಿಂದ ಪ್ರತಿ ಏರೋ ಇಂಡಿಯಾಕ್ಕೂ ಯಲಹಂಕದ ಬೇಲಿ ಹತ್ತಿರ ನಿಂತವನು. ಎರಡನೆಯದು ಮತ್ತು ಮೂರನೆಯದು ನಾನು ಹೇಳುತ್ತೇನೆ.

ಎರಡನೆಯದು ಸ್ಟಿಯರ್‌ಮನ್ ಕೂಡ ಅಲ್ಲ. ನೀವು ಬಣ್ಣ ಕಾಣುವುದಿಲ್ಲ ಅಂದಿರಿ. ಆದರೆ ಈ ವಿಮಾನ ಗುರುತಿಸಲು ಆಕಾರವೇ ಸಾಕು. ರೆಕ್ಕೆಯ ತುದಿ ಚೌಕವಾಗಿ ಕತ್ತರಿಸಿದ ಹಾಗಿದೆ ನೋಡಿ. ಸ್ಟಿಯರ್‌ಮನ್‌ದು ದುಂಡಗೆ ಇರುತ್ತದೆ. ಪೈಲಟ್ ಬಹಳ ಹಿಂದೆ, ಎತ್ತರದಲ್ಲಿ, ಗೂನುಬೆನ್ನಿನ ಮೇಲೆ ಕೂತ ಹಾಗೆ ಕಾಣುತ್ತಾನೆ. ಇದು ಗ್ರಮ್ಮನ್ ಆ್ಯಗ್-ಕ್ಯಾಟ್. ಸ್ವೀಡನ್ನಿನ ಸ್ಕ್ಯಾಂಡಿನೇವಿಯನ್ ಏರ್ ಶೋ ತಂಡದ್ದು. ಪೈಲಟ್ ಮುಂದೆ ಅಷ್ಟು ಜಾಗ ಬಿಟ್ಟಿರುವುದು ಔಷಧಿ ತುಂಬುವ ತೊಟ್ಟಿಗಾಗಿ. 1957ರಲ್ಲಿ ಮೊದಲು ಹಾರಿತು. ಹೊಲಕ್ಕೆ ಔಷಧಿ ಹೊಡೆಯಲು ಅಂತಲೇ ಕಟ್ಟಿದ್ದು. ಸೈನ್ಯಕ್ಕೆ ಅಂತ ಕಟ್ಟಿದ್ದಲ್ಲ. ಆದರೆ ಆ ಕೆಲಸದಲ್ಲಿ ಹಳೇ ಸ್ಟಿಯರ್‌ಮನ್‌ಗಳ ಜಾಗ ತುಂಬಿದ್ದು ಇಂಥವೇ. ಹಾಗಾಗಿ ನಿಮ್ಮ ಆಲ್ಬಂನಲ್ಲಿ ಎರಡೂ ಅಕ್ಕಪಕ್ಕ ಇರುವುದು ನೋಡಿ ನನಗೆ ಬಹಳ ಖುಷಿಯಾಯಿತು.

ಮೂರನೆಯದು ಯಾಕ್-52. ಸೋವಿಯತ್ ವಿನ್ಯಾಸದ ತರಬೇತಿ ವಿಮಾನ. ಕಟ್ಟಿದ್ದು ರೊಮೇನಿಯಾದಲ್ಲಿ. 2015ರಲ್ಲಿ ಬ್ರಿಟನ್ನಿನಿಂದ ಯಾಕೊವ್‌ಲೆವ್ಸ್ ಅನ್ನುವ ತಂಡ ಬಂದಿತ್ತು. ಅವರ ಹತ್ತಿರ ಎರಡು ಸೀಟಿನ ಯಾಕ್-52, ಒಂದೇ ಸೀಟಿನ ಯಾಕ್-50 ಎರಡೂ ಇದ್ದವು. ನಿಮ್ಮದರಲ್ಲಿ ಇಬ್ಬರಿದ್ದಾರೆ, ಆದ್ದರಿಂದ 52.

ಕಡೂರು ಅಂಕಲ್ ಹೇಳಿದ ಹಾಗೆ ಚಕ್ರ ನೋಡಿ. ಹಾರ್ವರ್ಡ್ ಮೇಲೆ ಹೋದ ಕೂಡಲೇ ಮುಂದಿನ ಚಕ್ರಗಳು ಒಳಮುಖವಾಗಿ ಮಡಚಿ ರೆಕ್ಕೆಯೊಳಗೆ ಸೇರಿಕೊಳ್ಳುತ್ತವೆ. ಮೂರನೇ ಚಕ್ರ ಇರುವುದು ಬಾಲದಲ್ಲಿ. ಯಾಕ್-52ರ ಮೂರನೇ ಚಕ್ರ ಮೂತಿಯಲ್ಲಿ. ಮಡಚಿದ ಮೇಲೂ ಮೂರೂ ಚಕ್ರ ಹೊರಗೇ ಇರುತ್ತವೆ. ಬೇಕು ಅಂತಲೇ ಹಾಗೆ ಮಾಡಿದ್ದಾರೆ. ಕಲಿಯುವ ಹುಡುಗ ಚಕ್ರ ಬಿಡಲು ಮರೆತು ಇಳಿಸಿದರೂ ವಿಮಾನದ ಹೊಟ್ಟೆಗೆ ಪೆಟ್ಟು ಕಡಿಮೆ. ಇನ್ನೊಂದು ಗುರುತು ಮೂತಿಯ ಮುಂಭಾಗ. ಎಂಜಿನ್ ಎದುರಿಗೆ ಬೀಸಣಿಗೆ ಕಡ್ಡಿಗಳ ಥರ ತಗಡಿನ ಪಟ್ಟಿಗಳಿವೆ. ಗಾಳಿ ಎಷ್ಟು ಒಳಗೆ ಬಿಡಬೇಕು ಅಂತ ಪೈಲಟ್ ಅವನ್ನು ತೆರೆದು ಮುಚ್ಚುತ್ತಾನೆ. ರಷ್ಯಾದ ಚಳಿಗೆ ಅದು ಬೇಕೇ ಬೇಕು.

ಇನ್ನು ಡಕೋಟಾ. ಇದನ್ನು ಹೇಳಲು ಮನಸ್ಸಿಗೆ ಸ್ವಲ್ಪ ಕಷ್ಟ. ಆದರೆ ನೀವು ಇಂಕಿನಲ್ಲಿ ಬರೆಯುತ್ತೀರಿ ಅಂದಿದ್ದಕ್ಕೆ ಹೇಳಲೇಬೇಕು. ಈ ವಿಮಾನ ಶ್ರೀನಗರದಲ್ಲಿ ಇಳಿದದ್ದಲ್ಲ. 1947ರ ಅಕ್ಟೋಬರ್ 27ರಂದು ಸಿಖ್ ರೆಜಿಮೆಂಟಿನ ಒಂದನೇ ಬೆಟಾಲಿಯನ್ನಿನ ಸೈನಿಕರನ್ನು ಹೊತ್ತು ಮೊದಲು ಇಳಿದ ಡಕೋಟಾದ ನಂಬರ್ ವಿಪಿ 905. ಅದರ ಗೌರವಕ್ಕೆ ಅದೇ ನಂಬರನ್ನು ಈ ವಿಮಾನಕ್ಕೆ ಬರೆಸಿದ್ದಾರೆ. ಇದು ಬ್ರಿಟನ್ನಿನಲ್ಲಿದ್ದ ಬೇರೆ ಡಕೋಟಾ. ರಾಜೀವ್ ಚಂದ್ರಶೇಖರ್ ಅದನ್ನು ಕೊಂಡು, ರಿಪೇರಿ ಮಾಡಿಸಿ ಏರ್‌ಫೋರ್ಸಿಗೆ ಕೊಟ್ಟರು. ಅವರ ತಂದೆ ಏರ್ ಕಮಡೋರ್ ಎಂ. ಕೆ. ಚಂದ್ರಶೇಖರ್ ಡಕೋಟಾ ಪೈಲಟ್ ಆಗಿದ್ದವರು. 2018ರಲ್ಲಿ ಅದು ಬ್ರಿಟನ್ನಿನಿಂದ ಅಲ್ಲಲ್ಲಿ ಇಳಿಯುತ್ತಾ ತನ್ನ ರೆಕ್ಕೆಯ ಮೇಲೇ ಹಾರಿ ಬಂತು. ಹೆಸರು ಪರಶುರಾಮ. ಈಗ ಏರ್‌ಫೋರ್ಸಿನ ವಿಂಟೇಜ್ ಫ್ಲೈಟ್‌ನಲ್ಲಿದೆ. ಟೈಗರ್ ಮಾತ್, ಹಾರ್ವರ್ಡ್ ಕೂಡ ಅದೇ ಗುಂಪಿನವು.

ನಿಮ್ಮ ಅಪ್ಪಾಜಿ ಆ ವಿಮಾನ ಮುಟ್ಟಿರಲಿಕ್ಕಿಲ್ಲ ಅಕ್ಕ. ಆದರೆ ಅದೇ ಎಂಜಿನ್ನು ಅವರ ಕೈಯಲ್ಲಿ ಎಷ್ಟು ಸಲ ಬಿಚ್ಚಿ ಕೂಡಿದೆಯೋ.

ಹಾಸನದ ಮಗಳು:

ನಿಮ್ಮೆಲ್ಲರ ಉತ್ತರ ಓದಿ ಕಣ್ಣು ತುಂಬಿ ಬಂತು. ಇಷ್ಟು ಪ್ರೀತಿಯಿಂದ ಬರೆದಿದ್ದೀರಿ.

ನಿನ್ನೆ ಭಾನುವಾರ. ಕಡೂರು ಅಣ್ಣ ಹೇಳಿದ ಹಾಗೆ ಒಂದನೇ ಫೋಟೋದ ಮೂತಿ ಮಾತ್ರ ದೊಡ್ಡದು ಮಾಡಿ ಪ್ರಿಂಟ್ ಹಾಕಿಸಿಕೊಂಡು ಊರಿಗೆ ಹೋದೆ. ಜಗಲಿಯಲ್ಲಿ ಬೆಳಕಿಗೆ ಕೂರಿಸಿ ಕೈಗೆ ಕೊಟ್ಟೆ. ಏನೂ ಹೇಳಲಿಲ್ಲ. ಭೂತಗನ್ನಡಿ ಹಿಡಿದು ಸ್ವಲ್ಪ ಹೊತ್ತು ನೋಡಿದರು. ಬೆರಳಿಟ್ಟು ಸಿಲಿಂಡರ್ ಎಣಿಸಿದರು. ಒಂಬತ್ತು. "ಇದು ಜಿಪ್ಸಿ ಅಲ್ಲ ಕಣವ್ವ. ಇದಕ್ಕೆ ಯಾರು ಟೈಗರ್ ಮಾತ್ ಅಂತ ಬರೆದದ್ದು?" ಅಂತ ಕೇಳಿದರು. ನೀವೇ ಬರೆಸಿದ್ದು ಅಪ್ಪಾಜಿ ಅಂದೆ. "ಅಳಿಸು, ಅಳಿಸು" ಅಂತ ಆಲ್ಬಂ ನನ್ನ ಕಡೆ ತಳ್ಳಿದರು. ಮಗ ಪಕ್ಕದಲ್ಲೇ ಕೂತಿದ್ದ. ಅವನೇ ರಬ್ಬರ್ ತಂದು ಅಳಿಸಿದ.

ಮೂರನೆಯದಕ್ಕೆ ಚಕ್ರದ ವಿಷಯ ಹೇಳಿದ್ದೇ ತಡ, ಒಪ್ಪಿಕೊಂಡರು. ಆಮೇಲೆ ಅವರು ಹೇಳಿದ್ದು ನಿಮಗೆ ಹೇಳಬೇಕು. "ಅವತ್ತೇ ನನಗೆ ಅನುಮಾನ ಬಂದಿತ್ತು. ಹಾರ್ವರ್ಡ್ ಹೋದರೆ ಕಿವಿ ಹರಿಯಬೇಕು. ಇದು ಹಾಗೆ ಕಿರುಚಲಿಲ್ಲ" ಅಂದರು. ಇದು ನಿಜವಾ ಕಡೂರು ಅಣ್ಣ? ಒಂದೇ ಥರದ ದುಂಡು ಎಂಜಿನ್ ಆದರೂ ಶಬ್ದ ಬೇರೆ ಇರುತ್ತದಾ?

ಡಕೋಟಾ ನಂಬರಿನ ವಿಷಯ ಹೇಳುವಾಗ ನನಗೆ ಭಯವಿತ್ತು. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಬ್ರಿಟನ್ನಿಂದ ಹಾರಿಸಿಕೊಂಡೇ ಬಂದರಾ?" ಅಂತ ಕೇಳಿದರು. ಹೌದು ಅಂದೆ. "ಹಾಗಾದರೆ ಎಂಜಿನ್ನು ಚೆನ್ನಾಗಿದೆ" ಅಂದರು.

ಅಲ್ಲಿಂದ ಶುರುವಾಯಿತು. ಜೋರ್ಹಾಟ್‌ನಲ್ಲಿ ಚಳಿಗಾಲದ ಬೆಳಗ್ಗೆ ಸ್ಟಾರ್ಟ್ ಮಾಡುವ ಮೊದಲು ಪ್ರೊಪೆಲ್ಲರನ್ನು ಕೈಯಲ್ಲಿ ತಿರುಗಿಸುತ್ತಿದ್ದರಂತೆ. ರಾತ್ರಿಯೆಲ್ಲ ನಿಂತ ವಿಮಾನದಲ್ಲಿ ಎಣ್ಣೆ ಇಳಿದು ಕೆಳಗಿನ ಸಿಲಿಂಡರ್‌ಗಳಲ್ಲಿ ತುಂಬಿಕೊಳ್ಳುತ್ತದೆ. ಹಾಗೇ ಸ್ಟಾರ್ಟ್ ಮಾಡಿದರೆ ಪಿಸ್ಟನ್ ಆ ಎಣ್ಣೆಗೆ ಹೊಡೆದು ರಾಡ್ ಬಗ್ಗಿಬಿಡುತ್ತದೆ. ಅದಕ್ಕೆ ಇಬ್ಬರು ಮೂವರು ಸಾಲಾಗಿ ನಿಂತು, ಒಬ್ಬ ಬ್ಲೇಡ್ ತಳ್ಳಿ ಆಚೆ ಸರಿಯುವುದು, ಹಿಂದಿನವನು ಮುಂದಿನ ಬ್ಲೇಡ್ ಹಿಡಿಯುವುದು. ಅಪ್ಪಾಜಿ ಜಗಲಿಯಿಂದ ಎದ್ದು ನಿಂತು ಮಾಡಿ ತೋರಿಸಿದರು. ಎರಡೂ ಅಂಗೈ ತೆರೆದು, ಬೆರಳು ಬ್ಲೇಡಿನ ಹಿಂದಕ್ಕೆ ಸುತ್ತಬಾರದು ಅಂತ ಮಗನ ಕೈ ಹಿಡಿದು ಸರಿ ಮಾಡಿದರು. ತಳ್ಳಿದ ಮೇಲೆ ಹಿಂದೆ ನೋಡದೆ ಪಕ್ಕಕ್ಕೆ ನಡೆದುಬಿಡಬೇಕಂತೆ. ಎಣಿಕೆ ಹಿಂದಿಯಲ್ಲಿ. ಏಕ್, ದೋ, ತೀನ್. ತಿರುಗಿಸುವಾಗ ಎಲ್ಲಾದರೂ ಬಿಗಿ ಸಿಕ್ಕರೆ ಬಲ ಹಾಕುವ ಹಾಗಿಲ್ಲ. ನಿಲ್ಲಿಸಿ, ಕೆಳಗಿನ ಸಿಲಿಂಡರ್‌ಗಳ ಪ್ಲಗ್ ಬಿಚ್ಚಿ ಎಣ್ಣೆ ಹೊರಗೆ ಬಿಡಬೇಕು.

ಪ್ಲಗ್ ಅಂದ ಕೂಡಲೇ ನಿಮ್ಮ ಪ್ರಶ್ನೆ ನೆನಪಾಯಿತು. ಕೇಳಿದೆ. ನಾನು ಮಾತು ಮುಗಿಸುವ ಮೊದಲೇ "ಐವತ್ತಾರು" ಅಂದರು.

ಕಡೂರು ಫಿಟ್ಟರ್:

ಸರಿಯಾಗಿ ಹೇಳಿದ್ದಾರೆ. ನೀವು ಗಣಿತದ ಮೇಡಂ, ನೀವೇ ಲೆಕ್ಕ ಹಾಕಿ. ಡಕೋಟಾದ ಟ್ವಿನ್ ವಾಸ್ಪ್ ಎಂಜಿನ್‌ಗೆ ಎರಡು ಸಾಲಿನಲ್ಲಿ 14 ಸಿಲಿಂಡರ್. ಪ್ರತಿ ಸಿಲಿಂಡರಿಗೆ ಎರಡೆರಡು ಪ್ಲಗ್, ಒಂದು ಕೈಕೊಟ್ಟರೆ ಇನ್ನೊಂದು ಇರಲಿ ಅಂತ. ಎಂಜಿನ್ನಿಗೆ 28. ಎರಡು ಎಂಜಿನ್. ಹಿಂದಿನ ಸಾಲಿನ ಪ್ಲಗ್‌ಗಳಿಗೆ ಕೈ ಹೋಗುವುದೇ ಕಷ್ಟ ಅಂತ ನಮ್ಮ ಸೀನಿಯರ್‌ಗಳು ಹೇಳುತ್ತಿದ್ದರು. ಅಪ್ಪಾಜಿಯವರ ಬೆರಳ ಗಂಟುಗಳ ಮೇಲೆ ಹಳೇ ಗಾಯದ ಗುರುತು ಇದೆಯಾ ನೋಡಿ.

ಹಾರ್ವರ್ಡ್ ಶಬ್ದದ ಬಗ್ಗೆ ಅವರು ಹೇಳಿದ್ದು ನೂರಕ್ಕೆ ನೂರು ನಿಜ. ಹಾರ್ವರ್ಡ್‌ನಲ್ಲಿ ಎಂಜಿನ್ನಿಗೂ ಪ್ರೊಪೆಲ್ಲರಿಗೂ ನಡುವೆ ಗೇರ್ ಇಲ್ಲ. ಎಂಜಿನ್ ಎಷ್ಟು ಸುತ್ತುತ್ತದೋ ಪ್ರೊಪೆಲ್ಲರೂ ಅಷ್ಟೇ ಸುತ್ತುತ್ತದೆ. ಪೂರ್ತಿ ವೇಗ ಕೊಟ್ಟಾಗ ಬ್ಲೇಡಿನ ತುದಿ ಶಬ್ದದ ವೇಗದ ಹತ್ತಿರ ಹೋಗುತ್ತದೆ. ಗಾಳಿ ಹರಿದ ಹಾಗೆ ಆ ಕಿರುಚಾಟ ಬರುವುದು ತುದಿಯಿಂದ, ಎಂಜಿನ್ನಿಂದ ಅಲ್ಲ. ಯಾಕ್ ಎಂಜಿನ್ನಿನಲ್ಲಿ ಗೇರ್ ಇದೆ, ಪ್ರೊಪೆಲ್ಲರ್ ನಿಧಾನವಾಗಿ ಸುತ್ತುತ್ತದೆ. ಡಕೋಟಾದಲ್ಲೂ ಗೇರ್ ಇದೆ. ಅದಕ್ಕೇ ಅದರದು ಗುಡುಗುಡು ಅನ್ನುವ ದಪ್ಪ ದನಿ. ಚಿತ್ರಾನ್ನ ತಿನ್ನುತ್ತಾ ತಲೆ ಎತ್ತದೆ ಗುರುತಿಸಿದರಲ್ಲ, ಅದು ಅವರ ಕಿವಿಯ ತಾಕತ್ತು.

ಮಲೆನಾಡ ಲೆನ್ಸ್, ಚಿಕ್ಕಮಗಳೂರು:

ನಾನು ಬಣ್ಣ ನೋಡಿ ಹೇಳಿದ್ದು ತಪ್ಪಾಯಿತು ಅಕ್ಕ. ನನ್ನ ಹತ್ತಿರವೂ 2015ರ ಫೋಟೋಗಳಿವೆ. ಎಲ್ಲ ತೆಗೆದು ಈಗ ಚಕ್ರ ನೋಡುತ್ತಾ ಕೂತಿದ್ದೇನೆ. ಒಂದು ಸಂಶಯ. ಡಕೋಟಾ ಮೇಲೆ ಹೋದ ಮೇಲೆ ಚಕ್ರ ಪೂರ್ತಿ ಒಳಗೆ ಹೋಗುತ್ತದಾ? ನಿಮ್ಮ ನಾಲ್ಕನೇ ಫೋಟೋದಲ್ಲಿ ಎಂಜಿನ್ ಕೆಳಗೆ ಕಪ್ಪಗೆ ಅರ್ಧಚಂದ್ರ ಕಾಣುತ್ತಿದೆ.

ಬೇಲಿಯ ಆಚೆ:

ಪೂರ್ತಿ ಹೋಗುವುದಿಲ್ಲ. ಆ ಅರ್ಧಚಂದ್ರವೇ ಟೈರು. ಡಕೋಟಾ ತಲೆಯ ಮೇಲೆ ಹೋದರೆ ನಾನು ಮೊದಲು ನೋಡುವುದು ಅದನ್ನೇ. ಎರಡನೆಯದು ರೆಕ್ಕೆ. ಮುಂದಿನ ಅಂಚು ಹಿಂದಕ್ಕೆ ವಾಲಿರುತ್ತದೆ, ಹಿಂದಿನ ಅಂಚು ಹೆಚ್ಚುಕಡಿಮೆ ನೇರ. 2022ರ ಗಣರಾಜ್ಯೋತ್ಸವದಲ್ಲಿ ಇದೇ ವಿಮಾನ ಎರಡು ಡಾರ್ನಿಯರ್ ವಿಮಾನಗಳ ಜೊತೆ ಟಾಂಗೈಲ್ ಅನ್ನುವ ಹೆಸರಿನ ಫಾರ್ಮೇಶನ್‌ನಲ್ಲಿ ಹಾರಿತು. 1971ರ ಡಿಸೆಂಬರಿನಲ್ಲಿ ಈಗಿನ ಬಾಂಗ್ಲಾದೇಶದ ಟಾಂಗೈಲ್‌ನಲ್ಲಿ ಪ್ಯಾರಾಟ್ರೂಪರ್‌ಗಳನ್ನು ಇಳಿಸಿದ ವಿಮಾನಗಳಲ್ಲಿ ಡಕೋಟಾಗಳೂ ಇದ್ದವು. ಅದರ ನೆನಪಿಗೆ ಆ ಹೆಸರು. ಅಕ್ಕ, ಆ ವಿಡಿಯೋ ಸಿಕ್ಕರೆ ಅಪ್ಪಾಜಿಗೆ ಕೇಳಿಸಿ.

ಹಾಸನದ ಮಗಳು:

ಕೇಳಿಸುತ್ತೇನೆ. 71ರಲ್ಲಿ ಅವರು ಜೋರ್ಹಾಟ್‌ನಲ್ಲೇ ಇದ್ದರು. ಆ ಡಿಸೆಂಬರಿನಲ್ಲಿ ಹದಿನೈದು ದಿನ ಬೂಟು ಬಿಚ್ಚಿ ಮಲಗಲಿಲ್ಲ ಅಂತ ಅವ್ವನಿಗೆ ಹೇಳಿದ್ದರಂತೆ.

ಬೆರಳಿನ ಗಾಯ ಇದೆ ಕಡೂರು ಅಣ್ಣ. ಬಲಗೈಯ ಮೂರು ಗಂಟುಗಳ ಮೇಲೆ ಬಿಳಿ ಗೆರೆಗಳು. ಇಷ್ಟು ವರ್ಷ ಅದು ಕುಡುಗೋಲಿನದು ಅಂದುಕೊಂಡಿದ್ದೆ.

ಇವತ್ತು ಇಂಕಿನಲ್ಲಿ ಬರೆದೆವು. ಬರೆದದ್ದು ಮಗ, ಅವನ ಅಕ್ಷರ ದುಂಡಗಿದೆ. ಬೋಯಿಂಗ್ ಸ್ಟಿಯರ್‌ಮನ್, 2015. ಗ್ರಮ್ಮನ್ ಆ್ಯಗ್-ಕ್ಯಾಟ್, 2017. ಯಾಕ್-52, 2015. ನಾಲ್ಕನೆಯದಕ್ಕೆ ಪರಶುರಾಮ ಅಂತ ಬರೆಯಲಾ, ನಂಬರ್ ಬರೆಯಲಾ ಅಂತ ಅವನು ತಾತನನ್ನು ಕೇಳಿದ. ಅಪ್ಪಾಜಿ ಯೋಚನೆ ಮಾಡಿ ಹೇಳಿದರು. ಅದನ್ನೇ ಬರೆದಿದ್ದಾನೆ: "ಡಕೋಟಾ. 56 ಪ್ಲಗ್."